ಗಾಜಿನ ಹಣೆಗೆ ಬೊಟ್ಟು

ಆಯುಧಪೂಜೆಯ ದಿನ ಬುಕ್ಕಾಪಟ್ಟಣದ ಸೀಮೆಯಲ್ಲಿ ದುಡಿಯುವ ಸಾಮಾನಿಗೆಲ್ಲ ರಜೆ. ಆ ಸಾಮಾನನ್ನು ತೊಳೆದು ಸಿಂಗರಿಸುವ ಹೆಂಗಸರಿಗೆ ಮಾತ್ರ ಇಮ್ಮಡಿ ಕೆಲಸ. ಮೂಡಲು ಕೆಂಪೇರುವ ಮೊದಲೇ ಶಿವರುದ್ರಮ್ಮ ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಅಂಗಳಕ್ಕೆ ಸಗಣಿ ನೀರು ಹಾಕಿ ರಂಗೋಲಿ ಎಳೆದಾಗಿತ್ತು. ಕುಡುಗೋಲು, ಗುದ್ದಲಿ, ಹಾರೆ, ಈಳಿಗೆಮಣೆ, ಮಿಕ್ಸಿ, ಬೋರಿನ ಸ್ಟಾರ್ಟರ್ ಪೆಟ್ಟಿಗೆ, ಮಗ ಮೋಹನ್ ಕುಮಾರನ ಟ್ರ್ಯಾಕ್ಟರು, ಸೊಸೆಯ ಸ್ಕೂಟಿ, ಒಂದನ್ನೂ ಬಿಡದೆ ಅರಿಶಿನ ಕುಂಕುಮ ಹಚ್ಚುತ್ತ ಬಂದರು. ಅವರ ಲೆಕ್ಕದಲ್ಲಿ ಶಿವ ಗುಡಿಯಲ್ಲಿ ಕೂರುವುದು ಹಬ್ಬಹರಿದಿನಕ್ಕೆ. ಮಿಕ್ಕ ದಿನವೆಲ್ಲ ಅವನು ಮನೆಗೆ ಬಂದು ದುಡಿಯುವುದು ಈ ಕಬ್ಬಿಣದ, ಮರದ, ಪ್ಲಾಸ್ಟಿಕ್ಕಿನ ವೇಷದಲ್ಲೇ. ವರ್ಷಕ್ಕೊಂದು ದಿನವಾದರೂ ಅವನನ್ನು ಗುರುತು ಹಿಡಿದು ಕೈಮುಗಿಯದಿದ್ದರೆ ಹೇಗೆ?

ಹೀಗೆ ಒಂದೊಂದೇ ಮುಗಿಸುತ್ತ ಪಡಸಾಲೆಗೆ ಬಂದವರಿಗೆ ಚಾಪೆಯ ಮೇಲೆ ಜೋಡಿಸಿಟ್ಟಿದ್ದ ದುರ್ಬೀನು ಕಣ್ಣಿಗೆ ಬಿತ್ತು.

ಅದನ್ನು ಜೋಡಿಸಿಟ್ಟು ಹೋಗಿದ್ದವಳು ಸೊಸೆ ಗಂಗಾಂಬಿಕಾ. ಸಿರಾದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಹಗಲೆಲ್ಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದು ತೊಟ್ಟು ರಕ್ತದೊಳಗಿನ ಲೋಕ ನೋಡುವವಳಿಗೆ ಸಂಜೆಯಾದರೆ ತಲೆಯ ಮೇಲಿನ ಲೋಕದ ಫೋಟೋ ತೆಗೆಯುವ ಹುಚ್ಚು. ಹುಚ್ಚು ಹಿಡಿಸಿದವಳು ಗೆಳತಿ ಆರ್ಜೂ, ಸಿರಾದಲ್ಲೇ ಕಾಲೇಜೊಂದರ ಭೌತಶಾಸ್ತ್ರದ ಮೇಡಂ. ದುರ್ಬೀನೂ ಅವಳದೇ. ದುಡ್ಡು ಕೂಡಿಟ್ಟು ಕೊಂಡದ್ದು; ಕಾಲೇಜಿನವರಿಗೂ ಮುಟ್ಟಲು ಕೊಡದಿದ್ದುದನ್ನು ಗಂಗಾಂಬಿಕಾಳ ಕೈಗೆ ಪೆಟ್ಟಿಗೆ ಸಮೇತ ಕೊಟ್ಟಿದ್ದಳು.

ಕೊಟ್ಟದ್ದಕ್ಕೆ ಕಾರಣವಿತ್ತು. ಪಡುವಣದ ಆಕಾಶಕ್ಕೆ ಒಂದು ಧೂಮಕೇತು ಬಂದಿತ್ತು. ಸೂರ್ಯ ಮುಳುಗಿದ ಮೇಲೆ ಸ್ವಲ್ಪ ಹೊತ್ತು ತಗ್ಗಿನಲ್ಲಿ ಕಂಡು ತಾನೂ ಮುಳುಗುತ್ತಿತ್ತು. ದಿನದಿನಕ್ಕೆ ಮಸಕಾಗುತ್ತಿತ್ತು, ಚಂದ್ರ ದಿನದಿನಕ್ಕೆ ಬಲಿಯುತ್ತಿದ್ದ, ಸಾಲದ್ದಕ್ಕೆ ಮಾರನೆಯ ದಿನದಿಂದ ವಾರಪೂರ್ತಿ ಮಳೆ ಎಂದು ಹವಾಮಾನದವರು ಹೇಳಿದ್ದರು. ಅಂದರೆ ಉಳಿದದ್ದು ಇವತ್ತಿನ ಸಂಜೆ. ಗಂಗಾಂಬಿಕಾಳಿಗೆ ತನ್ನ ಕೈಯಾರೆ ತೆಗೆದ ಒಂದೇ ಒಂದು ಒಳ್ಳೆಯ ಚಿತ್ರ ಬೇಕಿತ್ತು. ಈವರೆಗೆ ಬಂದಿರಲಿಲ್ಲ. ಮಧುಗಿರಿಯ ತವರುಮನೆಯ ಮಾಳಿಗೆಯ ಮೇಲಿಟ್ಟಾಗ ಆ ಏಕಶಿಲೆಯ ಬೆಟ್ಟ ಬಡಗಣದ ಧ್ರುವನನ್ನೇ ನುಂಗಿತ್ತು; ಇವಳು ಯಾವುದೋ ಚುಕ್ಕಿಯನ್ನು ಧ್ರುವ ಎಂದುಕೊಂಡು ಗುರಿ ಹಿಡಿದು, ಫೋಟೋದಲ್ಲಿ ನಕ್ಷತ್ರಗಳೆಲ್ಲ ಎರೆಹುಳುಗಳಂತೆ ಉದ್ದುದ್ದ ಬಿದ್ದಿದ್ದವು. ಕೊರಟಗೆರೆಯ ಕಡೆ ಕೆರೆ ಏರಿಯ ಮೇಲಿಟ್ಟಾಗ ಗಾಜಿಗೆ ಇಬ್ಬನಿ ಕಟ್ಟಿ ಚಿತ್ರವೆಲ್ಲ ಮಜ್ಜಿಗೆಯಾಗಿತ್ತು. ಪಾವಗಡದ ಬಯಲಲ್ಲಿ ಗಾಳಿಗೆ ಸ್ಟ್ಯಾಂಡೇ ನಡುಗಿತ್ತು. ಒಂದು ಸಲವಂತೂ ಎಲ್ಲ ಸರಿಯಾಗಿ, ಕ್ಯಾಮೆರಾದ ಕಾರ್ಡು ಮಾತ್ರ ಮನೆಯಲ್ಲೇ ಉಳಿದಿತ್ತು.

"ಹೊರಡೋಕೆ ಮುಂಚೆ ಮನೇಲಿ ಹಗಲು ಹೊತ್ತಲ್ಲೇ ಒಂದ್ಸಲ ಪೂರ್ತಿ ಜೋಡಿಸು ಗಂಗಕ್ಕ," ಎಂದಿದ್ದಳು ಆರ್ಜೂ. "ಯಾವ್ದು ಮರೆತಿದೀವಿ ಅಂತ ಮನೇಲೇ ಗೊತ್ತಾಗ್ಲಿ. ಕತ್ತಲಲ್ಲಿ ಗೊತ್ತಾದ್ರೆ ಅಳಬೇಕಷ್ಟೆ. ಮತ್ತೆ, ಕೈಲಿ ಕೆಲಸ ಇಲ್ಲ ಅಂದ್ರೆ ಗಾಜಿಗೆ ಮುಚ್ಚಳ ಹಾಕ್ಬುಡು. ಅದೊಂದು ಮರೀಬೇಡ."

ಅದೊಂದನ್ನೇ ಮರೆತಿದ್ದಳು. ರಬ್ಬರಿನ ಉಂಡೆ ಒತ್ತಿ ಗಾಜಿನ ಮೇಲಿನ ಧೂಳನ್ನು ಗಾಳಿಯಿಂದ ಊದುತ್ತಿದ್ದವಳು, ಬಚ್ಚಲಲ್ಲಿ ನೀರು ಕಾದಿದೆ ಎಂದು ಗಂಡ ಕೂಗಿದಾಗ ಮುಚ್ಚಳವನ್ನು ಚಾಪೆಯ ಮೇಲೇ ಬಿಟ್ಟು ಎದ್ದು ಹೋಗಿದ್ದಳು. ತಲೆಗೆ ಟವೆಲ್ ಸುತ್ತಿಕೊಂಡು ಬರುವಷ್ಟರಲ್ಲಿ ಪೂಜೆ ಮುಗಿದಿತ್ತು.

ದುರ್ಬೀನಿನ ಕೊರಳಿಗೆ ಚೆಂಡುಹೂವಿನ ಹಾರ. ಸ್ಟ್ಯಾಂಡಿನ ಮೂರೂ ಕಾಲಿಗೆ ವಿಭೂತಿ, ಒಂದೊಂದು ಕಾಲಿನ ಮುಂದೆ ಒಂದೊಂದು ನಿಂಬೆಹಣ್ಣು. ಮುಂದಿನ ದೊಡ್ಡ ಗಾಜಿನ ನಟ್ಟನಡುವೆ, ಗಂಧದಲ್ಲಿ ಕಲಸಿದ ಕುಂಕುಮದ ದುಂಡನೆಯ ಬೊಟ್ಟು. ಸುತ್ತಲೂ ಅಕ್ಷತೆ ಕಾಳು.

ಗಂಗಾಂಬಿಕಾ ಚಾಪೆಯ ಬಳಿಗೆ ಓಡಿದಳು. "ಅತ್ತೆ... ಗಾಜಿಗೆ..."

"ಹೂಂ ಕಣಮ್ಮ. ಯಾವ ಕಡೆ ಮುಖ ಅಂತ ಮೊದ್ಲು ಗೊತ್ತಾಗ್ನಿಲ್ಲ," ಎಂದರು ಶಿವರುದ್ರಮ್ಮ, ಆರತಿ ತಟ್ಟೆ ಕೆಳಗಿಡುತ್ತ. "ಸಣ್ಣ ಕಡೆ ನೋಡ್ದೆ, ದೊಡ್ಡ ಕಡೆ ನೋಡ್ದೆ. ಗುಂಡುಗೆ ಫಳಫಳ ಅಂತಿತ್ತಲ್ಲ, ಇದೇ ಮುಖ ಅಂತ ಹಣೆಗಿಟ್ಟೆ. ನಿಂಬೆಹಣ್ಣು ಇಟ್ಟಿವ್ನಿ, ತುಳಿಸೋಕೆ ಇದ್ಕೆ ಚಕ್ರ ಇಲ್ವಲ್ಲ, ಹೆಂಗ್ ಮಾಡದು?"

"ಅತ್ತೆ, ಆ ಗಾಜನ್ನ ಬೆರಳಲ್ಲೂ ಮುಟ್ಟಬಾರ್ದು!"

"ಬೆರಳಲ್ಲಿ ಮುಟ್ಟದೆ ಬೊಟ್ಟು ಹೆಂಗೆ ಇಕ್ತಾರೆ?" ಸೊಸೆಯ ಮುಖ ಕಂಡು ಅವರಿಗೆ ಸಣ್ಣ ಅನುಮಾನ ಬಂದಿತು. "ಯಾಕೆ, ಏನಾಯ್ತು? ತಾ ಇತ್ಲಾಗೆ, ಸೆರಗಲ್ಲಿ ಒರಸ್ಬುಡ್ತೀನಿ."

"ಬೇಡ!" ಗಂಗಾಂಬಿಕಾ ಎರಡೂ ಕೈ ಅಡ್ಡ ಹಿಡಿದಳು. ಸೂಕ್ಷ್ಮದರ್ಶಕದ ಗಾಜು ಒರೆಸಿ ಒರೆಸಿ ಅವಳಿಗೆ ಇದು ಗೊತ್ತಿತ್ತು: ಗಾಜು ಕೆಡುವುದು ಕೊಳೆಯಿಂದ ಕಡಿಮೆ, ಒರೆಸುವ ಅವಸರದಿಂದ ಹೆಚ್ಚು. ಕುಂಕುಮದ ಪುಡಿಯಲ್ಲಿ ಒಂದು ಸಣ್ಣ ಮರಳಿನ ಕಣವಿದ್ದರೂ ಸಾಕು, ಉಜ್ಜಿದರೆ ಜನ್ಮಕ್ಕಾಗುವ ಗೀರು.

ಕೊಳವೆಯ ಮೂತಿಯನ್ನು ಮೆಲ್ಲಗೆ ಕೆಳಗೆ ಬಾಗಿಸಿದಳು. ಅಕ್ಷತೆ ಕಾಳು ಟಪಟಪ ಚಾಪೆಗೆ ಉದುರಿದವು. ರಬ್ಬರ್ ಉಂಡೆಯಿಂದ ಊದಿದಾಗ ಒಣ ಅರಿಶಿನವೂ ಹಾರಿತು. ಬೊಟ್ಟು ಮಾತ್ರ ಮುತ್ತೈದೆಯ ಹಣೆಯಲ್ಲಿ ಕೂತಂತೆ ಕೂತಿತ್ತು. ಆಗಲೇ ಒಣಗತೊಡಗಿತ್ತು.

ಟ್ರ್ಯಾಕ್ಟರಿಗೆ ಬಾಳೆಕಂದು ಕಟ್ಟುತ್ತಿದ್ದ ಮೋಹನ್ ಕುಮಾರ್ ಬಂದು ಬಗ್ಗಿ ನೋಡಿ, ನಗು ತಡೆಯಲಾರದೆ ಮೀಸೆ ಕಚ್ಚಿಕೊಂಡ.

"ನಗಬೇಡಿ ರೀ. ಆರ್ಜೂ ಸಂಜೆ ಬರ್ತಾಳೆ. ಇದನ್ನ ನೋಡಿದ್ರೆ ಪೆಟ್ಟಿಗೆ ಮುಚ್ಚಿ ಎತ್ಕೊಂಡು ಹೊರಟೇ ಬಿಡ್ತಾಳೆ. ಧೂಮಕೇತೂ ಹೋಯ್ತು, ಗೆಳೆತನಾನೂ ಹೋಯ್ತು."

"ಹೇಳ್ಬೇಡ ಮತ್ತೆ. ಕತ್ತಲಲ್ಲಿ ಯಾರಿಗೆ ಕಾಣ್ತದೆ? ಫೋಟೋ ತೆಗೆದ್ಕೊಂಡ ಮೇಲೆ ನೋಡ್ಕಂಡ್ರಾಯ್ತು ಬುಡು."

ಗಂಗಾಂಬಿಕಾ ಗಾಜಿಗೆ ಮುಚ್ಚಳ ಹಾಕಿದಳು. ಹೋಳಿಗೆ ಊಟಕ್ಕೆ ಕೂತಾಗಲೂ ಅವಳ ಕಣ್ಣ ಮುಂದೆ ಆ ಬೊಟ್ಟೇ. ಹೇಳಿದರೆ ಚಿತ್ರ ಹೋಗುತ್ತದೆ, ಹೇಳದಿದ್ದರೆ ಚಿತ್ರ ಸಿಗಬಹುದು, ಆದರೆ ಆ ಚಿತ್ರವನ್ನು ಆರ್ಜೂಗೆ ಯಾವ ಮುಖ ಹೊತ್ತು ತೋರಿಸುವುದು? ಇಷ್ಟೇ ಯೋಚನೆ ಗಾಣದ ಎತ್ತಿನಂತೆ ಸುತ್ತುತ್ತಿತ್ತು.

ಬಿಸಿಲು ಇಳಿಯುವ ಮೊದಲೇ ಸಾಮಾನೆಲ್ಲ ಹೊಲದ ಕಣಕ್ಕೆ ಬಂದಿತು. ಕಣವೆಂದರೆ ಪುಣ್ಯದ ಜಾಗ; ರಾಗಿ ಬಂದು ಬೀಳುವ ನೆಲವಾದ್ದರಿಂದ ಚಪ್ಪಲಿ ಆಚೆಗೇ ಬಿಡಬೇಕು. ನೆಲ ಗಟ್ಟಿ, ಸಮತಟ್ಟು, ಧೂಳಿಲ್ಲ. ಪಡುವಣಕ್ಕೆ ಕುರುಚಲು ಕಾಡು ಬಿಟ್ಟರೆ ಕಣ್ಣಿಗೆ ಅಡ್ಡವಿಲ್ಲ, ಬಡಗಣಕ್ಕೆ ದೂರದಲ್ಲಿ ಒಂದು ಬೇವಿನ ಮರ. ನಮ್ಮ ಸೀಮೆಯಲ್ಲಿ ಧ್ರುವ ಬಹಳ ತಗ್ಗಿನಲ್ಲಿ ನಿಲ್ಲುತ್ತಾನೆ; ದೊಡ್ಡವನಾದರೂ ಬಾಗಿ ಕೂತವನ ಹಾಗೆ. ಅವನ ಗುರಿ ಹಿಡಿಯದೆ ದುರ್ಬೀನು ಆಕಾಶದ ಜೊತೆ ಸರಿಯಾಗಿ ತಿರುಗದು; ಅವನನ್ನು ಕಾಣಬೇಕಾದರೆ ಇಂಥ ಬಯಲೇ ಬೇಕು.

ಆರ್ಜೂಳ ಕಾರು ಬದುವಿನ ಪಕ್ಕ ಬಂದು ನಿಂತಿತು. ಅವಳು ಶೂ ಕಳಚಿ, ಕಾಲುಚೀಲವನ್ನೂ ಕಳಚಿ, ದುಪಟ್ಟಾ ಸೊಂಟಕ್ಕೆ ಸುತ್ತಿಕೊಂಡು ಕಣಕ್ಕೆ ಬಂದಳು. ಬಂದವಳೇ ಕೈಕಟ್ಟಿ ನಿಂತಳು.

"ನಾನು ಇವತ್ತು ಒಂದು ಸ್ಕ್ರೂನೂ ಮುಟ್ಟಲ್ಲ ಗಂಗಕ್ಕ. ನೀನೇ ಮಾಡು. ತಪ್ಪಿದ್ರೆ ಬಾಯಲ್ಲಿ ಬಯ್ತೀನಿ."

ಗಂಗಾಂಬಿಕಾ ಸ್ಟ್ಯಾಂಡಿನ ಕಾಲುಗಳನ್ನು ಗಿಡ್ಡವಾಗಿಯೇ ಬಿಟ್ಟು ಅಗಲಿಸಿದಳು. ಎತ್ತರ ಮಾಡಿದಷ್ಟೂ ಅದು ಗಾಳಿಗೆ ನಡುಗುತ್ತದೆ. ಫೋನಿನ ದಿಕ್ಸೂಚಿ ನೋಡಿ ಒಂದು ಕಾಲನ್ನು ಬಡಗಣಕ್ಕೆ ತಿರುಗಿಸಿದಳು. ನಡುವೆ ಮರಳಿನ ಚೀಲ ನೇತುಹಾಕಿದಳು. ಆಕಾಶದ ಜೊತೆಗೇ ನಿಧಾನಕ್ಕೆ ತಿರುಗುವ ಮೋಟಾರಿನ ತಲೆಯನ್ನು ಮೇಲೆ ಕೂರಿಸಿದಳು. ಅಭ್ಯಾಸಬಲದಿಂದ ಕೈ ದುರ್ಬೀನಿನ ಕಡೆಗೆ ಹೋಯಿತು.

"ಹಾಂ ಹಾಂ!" ಎಂದಳು ಆರ್ಜೂ.

"ಗೊತ್ತು, ಗೊತ್ತು. ಮೊದ್ಲು ತೂಕದ ಗುಂಡು." ಸರಳಿಗೆ ತೂಕ ಸಿಕ್ಕಿಸಿ, ಆಮೇಲೆ ದುರ್ಬೀನು ಏರಿಸಿದಳು. ಮೊದಲು ದುರ್ಬೀನು ಏರಿಸಿದರೆ ಒಂದೇ ಕಡೆ ಭಾರವಾಗಿ ಇಡೀ ಸಂಸಾರ ಮಗುಚಿಕೊಳ್ಳುತ್ತದೆ. ವೈರುಗಳನ್ನು ಯಾರೂ ಎಡವದಂತೆ ಸ್ಟ್ಯಾಂಡಿನ ಕಾಲಿಗೇ ದಾರದಲ್ಲಿ ಕಟ್ಟಿದಳು. ಟಾರ್ಚಿಗೆ ಕೆಂಪು ಹಾಳೆ ಸುತ್ತಿದಳು, ಕತ್ತಲಿಗೆ ಹೊಂದಿದ ಕಣ್ಣು ಕೆಡದಿರಲೆಂದು. ಕ್ಯಾಮೆರಾದ ಕಾರ್ಡು ಇದೆಯೇ ಎಂದು ತೆಗೆದು ನೋಡಿ, ಹಾಕಿ, ಮತ್ತೆ ತೆಗೆದು ನೋಡಿದಳು.

ಕಣದ ಅಂಚಿನಲ್ಲಿ ಮಣೆ ಹಾಕಿ ಕೂತಿದ್ದ ಶಿವರುದ್ರಮ್ಮ ಇದನ್ನೆಲ್ಲ ಮೆಚ್ಚುಗೆಯಿಂದ ನೋಡುತ್ತಿದ್ದರು. "ನೋಡವ್ವ, ಪೂಜೆಗೆ ಅಣಿ ಮಾಡ್ದಂಗೇ ಅದೆ. ಮೊದ್ಲು ಮಣೆ, ಆಮೇಲೆ ಕಳಶ, ಆಮೇಲೆ ಕಾಯಿ. ಕಾಯಿ ಮೊದ್ಲು ಇಟ್ರೆ ಉಳ್ಳೋಯ್ತದೆ."

"ಅಮ್ಮ, ನನ್ ಕ್ಲಾಸ್ ಹುಡುಗರಿಗೆ ನೀವೇ ಬಂದು ಪಾಠ ಮಾಡಿ," ಎಂದಳು ಆರ್ಜೂ.

ಸೂರ್ಯ ಕುರುಚಲು ಕಾಡಿನ ಹಿಂದಕ್ಕೆ ಜಾರಿದ. ನವಮಿಯ ಚಂದ್ರ ನೆತ್ತಿಯ ಬಳಿ ಬೆಳ್ಳಗಾದ. ಪಡುವಣದ ಕೆಂಪು ಮೆಲ್ಲಮೆಲ್ಲನೆ ನೇರಳೆಗೆ ತಿರುಗುತ್ತಿತ್ತು.

"ಈಗ ಮುಚ್ಚಳ ತೆಗಿ," ಎಂದಳು ಆರ್ಜೂ. "ಗಾಜು ಹೊರಗಿನ ತಂಪಿಗೆ ಹೊಂದ್ಕೊಳ್ಳಲಿ. ಚಂದ್ರನ ಮೇಲೆ ಫೋಕಸ್ ಮಾಡು, ಗುಳಿಗಳು ಚೂಪಾಗಿ ಕಂಡ್ರೆ ಬಸ್."

ಗಂಗಾಂಬಿಕಾಳ ಕೈ ಮುಚ್ಚಳದ ಮೇಲೆಯೇ ನಿಂತಿತು. ಬೆನ್ನು ಅಡ್ಡ ಕೊಟ್ಟು ತೆಗೆದರೆ ಆರ್ಜೂಗೆ ಕಾಣುವುದಿಲ್ಲ. ಕತ್ತಲಾಗುತ್ತಲೂ ಇದೆ. ಗಂಡ ಹೇಳಿದ್ದೂ ಅದನ್ನೇ. ಒಂದು ಗಳಿಗೆ ಅವಳಿಗೆ ಅದು ಬಹಳ ಸುಲಭವಾಗಿ ಕಂಡಿತು. ಮರುಗಳಿಗೆ, ಬರಿಗಾಲಲ್ಲಿ ಕಣದ ಮೇಲೆ ಕೈಕಟ್ಟಿ ನಂಬಿ ನಿಂತವಳ ಕಡೆ ಕಣ್ಣು ಹೋಯಿತು. ರಾಶಿ ಹಾಕುವ ನೆಲದ ಮೇಲೆ ನಿಂತು ಕಳ್ಳ ಕೆಲಸ ಮಾಡಲು ಅವಳ ಕಾಲು ಒಪ್ಪಲಿಲ್ಲ.

"ಆರ್ಜೂ, ಒಂದ್ ಮಾತು ಹೇಳ್ಬೇಕು. ನನ್ನಿಂದ ತಪ್ಪಾಗಿದೆ. ಬೆಳಿಗ್ಗೆ ಮುಚ್ಚಳ ತೆಗೆದಿಟ್ಟು ಹೋಗ್ಬಿಟ್ಟೆ. ಗಾಜಿನ ಮೇಲೆ... ಕುಂಕುಮ ಬಿದ್ದಿದೆ. ನಾನೇ ಕಾರಣ."

"ಬಿದ್ದಿದೆ?" ಕಣದ ಅಂಚಿನಿಂದ ಶಿವರುದ್ರಮ್ಮ ಎದ್ದೇ ಬಿಟ್ಟರು. "ಬೀಳಾಕೆ ಅದೇನು ಮಾಳಿಗೆಯಿಂದ ಬಿತ್ತಾ? ಇಟ್ಟೋಳು ನಾನು! ಗಂಧ ತೇದು, ಉಂಗುರದ ಬೆರಳಲ್ಲಿ, ದುಂಡುಗೆ ಇಟ್ಟಿವ್ನಿ. ನಾನ್ ಮಾಡಿದ್ ಪೂಜೆನ ನೀನ್ ಮಾಡ್ದೆ ಅಂತ ಹೇಳ್ಕತೀಯಲ್ಲ ಗಂಗಾ, ನಾಚ್ಕೆ ಆಗಲ್ವಾ?"

"ಅತ್ತೆ, ನಾನು ಪೂಜೆ ಮಾಡ್ದೆ ಅನ್ಲಿಲ್ಲ, ತಪ್ಪು..."

"ಪೂಜೆ ತಪ್ಪಾ?"

ಆರ್ಜೂ ಬಂದು ಮುಚ್ಚಳ ತೆಗೆದಳು. ಕೆಂಪು ಟಾರ್ಚ್ ಹಿಡಿದಳು. ಕೆಂಪು ಬೆಳಕಿನಲ್ಲಿ ಕೆಂಪು ಬೊಟ್ಟು ಕಾಣಲಿಲ್ಲ. ಫೋನಿನ ಬೆಳಕು ಹಿಡಿದಳು. ಕಂಡಿತು. ಬಗ್ಗಿ ನೋಡಿದಳು, ಓರೆಯಾಗಿ ನೋಡಿದಳು.

"ಉಜ್ಜಿದಿಯಾ?" ಆರ್ಜೂಳ ದನಿ ಸಣ್ಣಗಿತ್ತು.

"ಇಲ್ಲ. ಬೆರಳೂ ತಾಗಿಸಿಲ್ಲ. ಗಾಳಿ ಊದಿದೆ ಅಷ್ಟೆ."

"ಯಾ ಅಲ್ಲಾ, ಬದುಕಿದೆ!" ಆರ್ಜೂ ಕಣದ ಮೇಲೆ ಕುಕ್ಕರಿಸಿ ಕೂತು ನಗತೊಡಗಿದಳು. "ಅಮ್ಮ, ನಮ್ಮ ಅಬ್ಬಾಂದು ಲಾರಿ ಇತ್ತು. ಡ್ರೈವರ್ ಕಾಡಸಿದ್ದಪ್ಪಣ್ಣ ಆಯುಧಪೂಜೆ ದಿನ ಮುಂದಿನ ಗಾಜಿಗೆ ಪೂರ್ತಿ ವಿಭೂತಿ ಬಳಿದು, ರೋಡೇ ಕಾಣದೆ ಕಿಟಕಿಯಿಂದ ತಲೆ ಆಚೆ ಹಾಕಿ ಓಡಿಸ್ತಿದ್ದ. ಅಬ್ಬಾ ಪಕ್ಕದಲ್ಲಿ ಕೂತು ದುವಾ ಓದ್ತಾ ಇರೋರು. ಅದ್ರ ಮುಂದೆ ಇದೇನು? ಒಂದು ಬೊಟ್ಟು!"

"ಆದ್ರೆ ಫೋಟೋ?" ಎಂದಳು ಗಂಗಾಂಬಿಕಾ. "ನಡು ಮಧ್ಯೆ ಕೆಂಪು ಕಲೆ ಬರಲ್ವಾ?"

"ಬರಲ್ಲ. ಕ್ಯಾಮೆರಾ ನೋಡೋದು ಕೋಟ್ಯಂತರ ಮೈಲಿ ಆಚೆ. ಮೂಗಿನ ತುದೀಲಿರೋದು ಅದರ ಕಣ್ಣಿಗೆ ಬೀಳೋದೇ ಇಲ್ಲ. ದೊಡ್ಡ ದೊಡ್ಡ ಕನ್ನಡಿ ದುರ್ಬೀನುಗಳಿಗೆ ಬಾಯಿ ನಡುವೆ ಇದಕ್ಕಿಂತ ದೊಡ್ಡ ಕನ್ನಡಿಯೇ ಅಡ್ಡ ಕೂತಿರುತ್ತೆ ಗಂಗಕ್ಕ, ಅದೂ ಚಿತ್ರದಲ್ಲಿ ಕಾಣಲ್ಲ. ಒಂದು ಚೂರು ಬೆಳಕು ಕಮ್ಮಿಯಾಗ್ಬಹುದು, ಅಷ್ಟೆ. ಈಗ ಒರೆಸೋಕೆ ಹೋದ್ರೆ ಹರಡಿ ಇಡೀ ಗಾಜೇ ಮಂಜಾಗುತ್ತೆ. ಇರ್ಲಿ ಬಿಡು. ನೋಡು, ನೋಡು, ಹೊತ್ತಾಯ್ತು!"

ಗಂಗಾಂಬಿಕಾಳ ಕೈಗಳಿಗೆ ಜೀವ ಬಂದಿತು. ಚಂದ್ರನ ಮೇಲೆ ಗುಳಿಗಳು ಚೂಪಾಗುವವರೆಗೆ ತಿರುಪು ತಿರುಗಿಸಿ, ಅಲ್ಲಾಡದಂತೆ ಬಿಗಿದಳು. ಬೇವಿನ ಮರದ ನೆತ್ತಿಯ ಮೇಲೆ ಧ್ರುವ ನಾಚಿಕೊಂಡು ಕಣ್ಣು ಬಿಟ್ಟಿದ್ದ. ಅವನ ಕಡೆ ಮೋಟಾರಿನ ತಲೆಯನ್ನು ಗುರಿ ಹಿಡಿದಳು. ಈ ಸಲ ಅವನು ಅವನೇ ಎಂದು ಖಾತ್ರಿ ಮಾಡಿಕೊಂಡಳು. ದುರ್ಬೀನನ್ನು ಪಡುವಣಕ್ಕೆ ಹೊರಳಿಸಿದಳು. ಅಷ್ಟರಲ್ಲಿ ಬದುವಿನ ಆಚೆಯಿಂದ ಗುಡುಗುಡು ಸದ್ದಾಯಿತು. ಬಾಳೆಕಂದು, ಹೂವಿನ ಹಾರ ತೊಟ್ಟ ಟ್ರ್ಯಾಕ್ಟರು ಎರಡೂ ದೀಪ ಉರಿಸಿಕೊಂಡು ಮದುಮಗನ ಹಾಗೆ ಬರುತ್ತಿತ್ತು.

"ಲೈಟ್!" ಮೂವರು ಹೆಂಗಸರೂ ಒಟ್ಟಿಗೆ ಕಿರುಚಿದರು. "ಲೈಟ್ ಆರ್ಸೋ ಮೋಹ್ನ!" ಎಂಬುದು ಶಿವರುದ್ರಮ್ಮನ ದನಿ, ಬೇರೆಲ್ಲರಿಗಿಂತ ಜೋರು.

ದೀಪ ಆರಿತು. ಕತ್ತಲಿಂದ ಮೋಹನ್ ಕುಮಾರನ ದನಿ ಕೇಳಿತು: "ಕಡಲೆಕಾಯಿ ಬೇಯ್ಸಿದ್ದು ತಂದಿದ್ದೆ ಕಣ್ರವ್ವ. ವಾಪಸ್ ತಗಂಡ್ ಹೋಗ್ಲಾ?"

"ಕಾಯಿ ಇಲ್ಲಿಡಿ, ನೀವು ಅಲ್ಲೇ ಇರಿ," ಎಂದಳು ಹೆಂಡತಿ.

ಕ್ಯಾಮೆರಾ ತನ್ನ ಪಾಡಿಗೆ ತಾನು ಕ್ಲಿಕ್ಕೆನ್ನತೊಡಗಿತು. ಗಂಗಾಂಬಿಕಾ ವೈರು ಮುಟ್ಟಿ ನೋಡುತ್ತ, ಬ್ಯಾಟರಿಯ ದೀಪ ನೋಡುತ್ತ ಸುತ್ತತೊಡಗಿದಾಗ ಆರ್ಜೂ ಅವಳ ತೋಳು ಹಿಡಿದು ನಿಲ್ಲಿಸಿದಳು. "ಈಗ ಅದರ ಹತ್ತಿರ ನಡೀಬೇಡ, ನೆಲ ಅದುರುತ್ತೆ. ನಿನ್ನ ಕೆಲಸ ಮುಗೀತು. ತಲೆ ಎತ್ತು."

ಗಂಗಾಂಬಿಕಾ ತಲೆ ಎತ್ತಿದಳು. ಇಷ್ಟು ದಿನ ತಿರುಪು, ವೈರು, ಮುಚ್ಚಳಗಳ ನಡುವೆ ಬಗ್ಗಿಯೇ ಇದ್ದ ಕತ್ತು ಅದು. ನೇರಳೆ ಆಕಾಶದಲ್ಲಿ, ಕಾಡಿನ ತಲೆಯಿಂದ ಸ್ವಲ್ಪ ಮೇಲೆ, ಯಾರೋ ವಿಭೂತಿಯ ಬೆರಳಿನಿಂದ ಮೇಲ್ಮುಖವಾಗಿ ತೀಡಿದ ಹಾಗೆ ಬೆಳ್ಳನೆಯ ಒಂದು ಗೆರೆ. ಬುಡದಲ್ಲಿ ಒಂದು ಚುಕ್ಕಿ. ಸದ್ದಿಲ್ಲ, ಅವಸರವಿಲ್ಲ. ಎಲ್ಲಿಂದ ಬಂದಿತೋ ಎಲ್ಲಿಗೆ ಹೋಗುವುದೋ, ನಡುವೆ ಈ ಬುಕ್ಕಾಪಟ್ಟಣದ ಕಣದ ಮೇಲೆ ಒಂದು ಗಳಿಗೆ ಕಂಡು ಹೋಗುವ ಅತಿಥಿ. ನೋಡುತ್ತ ನೋಡುತ್ತ ಅವಳ ಕೈಗಳು ತಾವಾಗಿಯೇ ಕೂಡಿಕೊಂಡವು.

"ಅಯ್ಯೋ ಶಿವನೇ," ಎಂದರು ಶಿವರುದ್ರಮ್ಮ ಮೆಲ್ಲಗೆ. "ಅಪಶಕುನ ಅಂತಾರಲ್ಲವ್ವ ಇದ್ನ? ಇಷ್ಟು ತಣ್ಣಗೆ ಇರೋದು ಯಾರಿಗೇನ್ ಮಾಡೀತು?"

ಹೊತ್ತಾದ ಮೇಲೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಚಿತ್ರ ಬೆಳಗಿತು. ನಕ್ಷತ್ರಗಳು ಸೂಜಿಮೊನೆಯಷ್ಟು ದುಂಡಗೆ. ನಡುವೆ ಧೂಮಕೇತು, ಬಾಲದ ಎಳೆ ಎಳೆಯೂ ಬಿಡಿಸಿದ ಹಾಗೆ. ಕೆಂಪು ಕಲೆ ಎಲ್ಲೂ ಇಲ್ಲ. ಗಂಗಾಂಬಿಕಾ ಆರ್ಜೂಳ ಭುಜದ ಮೇಲೆ ಮುಖವಿಟ್ಟು ನಕ್ಕಳೋ ಅತ್ತಳೋ, ಕತ್ತಲಲ್ಲಿ ಯಾರಿಗೂ ತಿಳಿಯಲಿಲ್ಲ.

ಶಿವರುದ್ರಮ್ಮ ಪರದೆಗೆ ಮೂಗು ತಾಗಿಸಿ ನೋಡಿದರು. "ಬೊಟ್ಟು ಇಟ್ಟು ಪೂಜೆ ಮಾಡಿದ್ಕೇ ಇಷ್ಟು ಚೆಂದ ಬಂದದ್ದು. ಇದ್ವರ್ಗೂ ಎಷ್ಟು ಸಲ ಹೋಗಿದ್ಯಲ್ಲ, ಒಂದಾದ್ರೂ ಬಂತಾ?"

ಆರ್ಜೂ ಬಾಯಿ ತೆರೆದಳು. ಭೌತಶಾಸ್ತ್ರದಲ್ಲಿ ಉತ್ತರವಿತ್ತು. ಒಂದು ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಂಡಳು.

ಧೂಮಕೇತು ಕಾಡಿನ ಹಿಂದೆ ಇಳಿಯಿತು. ಕಟ್ಟಿದ್ದನ್ನು ಬಿಚ್ಚುವ ಹೊತ್ತು. ಗೆದ್ದ ಖುಷಿಯಲ್ಲಿ ಕೈ ಸಡಿಲವಾಗುವುದು ಈಗಲೇ ಎಂದು ಗಂಗಾಂಬಿಕಾಳಿಗೆ ಗೊತ್ತಿತ್ತು. ಮೊದಲು ಗಾಜಿಗೆ ಮುಚ್ಚಳ ಹಾಕಿ, ಕಾರ್ಡು ತೆಗೆದು ಪರ್ಸಿನೊಳಗೆ ಇಟ್ಟಳು. ಏರಿಸಿದ್ದರ ತಿರುಗುಮುರುಗಾಗಿ ಇಳಿಸುತ್ತ ಬಂದಳು: ದುರ್ಬೀನು ಮೊದಲು, ತೂಕದ ಗುಂಡು ಆಮೇಲೆ. ಕೊಳವೆಯ ಹೊರಮೈಗೆ ಕೂತ ಇಬ್ಬನಿಯನ್ನು ಹತ್ತಿಬಟ್ಟೆಯಿಂದ ಒತ್ತಿ ತೆಗೆದಳು. ವೈರುಗಳನ್ನು ಮೊಣಕೈಗೆ ಬಿಗಿಯಾಗಿ ಸುತ್ತದೆ, ಅಂಗೈಯಲ್ಲಿ ಸಡಿಲ ಸುರುಳಿ ಮಾಡಿ ದಾರ ಕಟ್ಟಿದಳು. ತೇವ ಹೀರುವ ಪೊಟ್ಟಣಗಳನ್ನು ಪೆಟ್ಟಿಗೆಯ ಮೂಲೆಗಿಟ್ಟಳು. ಪ್ರತಿಯೊಂದಕ್ಕೂ ಸ್ಪಂಜಿನಲ್ಲಿ ಕೊರೆದ ಅದರದೇ ಮನೆ. ಒಂದು ಮನೆ ಖಾಲಿ ಉಳಿದರೆ ಏನೋ ಕಣದಲ್ಲಿ ಉಳಿದಿದೆ ಎಂದೇ ಅರ್ಥ.

"ಕರೆದ ದೇವ್ರನ್ನ ಕಳಿಸಿಕೊಡೋದೂ ಇಂಗೇ ಇರ್ಬೇಕು ಕಣಮ್ಮ," ಎಂದರು ಶಿವರುದ್ರಮ್ಮ. "ಕೆಲವ್ರು ಮಂಗಳಾರತಿ ಆಗ್ತಿದ್ದಂಗೆ ಎದ್ದು ಊಟಕ್ಕೆ ಓಡ್ತಾರೆ."

ಮೋಹನ್ ಕುಮಾರ್ ಪೆಟ್ಟಿಗೆ ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿಟ್ಟ. ಆರ್ಜೂ ಶೂ ಹಾಕಿಕೊಂಡು, ಬಾಗಿಲು ಮುಚ್ಚಲು ಹೋದವಳು ನಿಂತಳು. ಪೆಟ್ಟಿಗೆಯನ್ನು ಮತ್ತೆ ಹೊರಗೆ ತೆಗೆದು ಗಂಗಾಂಬಿಕಾಳ ಕೈಗೆ ಕೊಟ್ಟಳು.

"ಇದು ನಿನ್ನ ಹತ್ರಾನೇ ಇರ್ಲಿ ಗಂಗಕ್ಕ. ಗಾಜು ಒರೆಸೋಕೆ ನಿನ್ನ ಲ್ಯಾಬಿನ ಕೈಯೇ ಬೇಕು. ನಾನು ಒರೆಸಿದ್ರೆ ಖಂಡಿತ ಗೀಚ್ತೀನಿ. ಬೆಳಿಗ್ಗೆ ಪೆಟ್ಟಿಗೆ ತೆರೆದು ನೆರಳಲ್ಲಿ ಒಣಗೋಕೆ ಬಿಡು, ಆಮೇಲೆ ನಿಧಾನಕ್ಕೆ ಬೊಟ್ಟನ್ನ ಭಟ್ಟಿ ಇಳಿಸಿದ ನೀರಲ್ಲಿ ನೆನೆಸಿ ಎತ್ತು. ಬೆಳಕಿರುವಾಗ, ಯಾವ ಅವಸರವೂ ಇಲ್ಲದಾಗ."

ಗಂಗಾಂಬಿಕಾ ಪೆಟ್ಟಿಗೆಯನ್ನು ಎದೆಗವಚಿಕೊಂಡಳು. ಬೇಡವೆನ್ನಲು ಅವಳಿಗೆ ಮನಸ್ಸಾಗಲಿಲ್ಲ.

"ನಾಳೇನೇ ಒರೆಸ್ಲಾ?"

"ನಾಳೆ ಬನ್ನಿ ಹಬ್ಬ, ಬೊಟ್ಟು ಅಳಿಸ್ತಾರಾ?" ಅಡ್ಡ ಬಂದರು ಶಿವರುದ್ರಮ್ಮ. "ಮಂಗಳವಾರ, ಶುಕ್ರವಾರಾನೂ ಕೂಡ್ದು. ಅಮಾವಾಸ್ಯೆ ಅಂತೂ ಎತ್ತಲೇಬ್ಯಾಡ."

"ಮತ್ತೆ ಮಿಕ್ಕಿದ್ದು ಯಾವ ದಿನಮ್ಮ?" ಎಂದು ಆರ್ಜೂ ನಗುತ್ತ ಕಾರು ಹತ್ತಿದಳು.

"ಅದ್ನ ನಾನು ನೋಡಿ ಹೇಳ್ತೀನಿ, ನೀನು ಹುಷಾರಾಗಿ ಹೋಗವ್ವ. ಲೇ ಮೋಹ್ನ, ಈಗ ಹಾಕೋ ಲೈಟು, ಮಗಳು ದಾರಿ ಕಾಣ್ದೆ ಕಾರ್ನ ಬದುವಿಗೆ ಇಳಿಸ್ಬುಟ್ಟಾಳು!"